ಪ್ಲಸ್ ಬಟನ್ ಮೇಲಿನ ಸಿಟ್ಟು: ಇಎಂಎಸ್ ಯಂತ್ರದ ಜೊತೆ ಎಂಟು ತಿಂಗಳು

ಮಂಡಿ ಆಪರೇಷನ್ ಆದಮೇಲೆ ನನ್ನ ಬಲತೊಡೆ ಸೊರಗಿ ಹೋಗಿತ್ತು. ಫಿಸಿಯೋ "ಬಿಗಿ ಮಾಡಿ" ಅಂದರೆ ಮುಖ ಬಿಗಿಯಾಗುತ್ತಿತ್ತು, ತೊಡೆ ಅಲ್ಲ. ಆಗ ಅವರೇ ಈ ಇಎಂಎಸ್ ಯಂತ್ರ ತಗೊಳ್ಳಲು ಹೇಳಿದರು. ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸಣ್ಣ ಕರೆಂಟ್ ಕೊಟ್ಟು ಸ್ನಾಯುವನ್ನು ಬಿಗಿ ಮಾಡಿಸುವ ಯಂತ್ರ ಇದು.

ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ. ಇದು 10 ಸೆಕೆಂಡ್ ಕರೆಂಟ್ ಕೊಟ್ಟು 30 ಸೆಕೆಂಡ್ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲೂ ಕರೆಂಟ್ ಏರಿಸುವ ಪ್ಲಸ್ ಬಟನ್ ಕೆಲಸ ಮಾಡುತ್ತದೆ! ಎರಡನೇ ವಾರ, ಏನೂ ಗೊತ್ತಾಗುತ್ತಿಲ್ಲವಲ್ಲ ಎಂದು ಸುಮ್ನೆ ಒತ್ತುತ್ತಾ ಹೋದೆ. ಬಿಡುವು ಮುಗಿಯಿತು ನೋಡಿ, ತೊಡೆ ಕಲ್ಲಾಯಿತು. ಕಾಲು ತಾನಾಗಿ ಒದೆಯಿತು. ಗಾಬರಿಯಲ್ಲಿ ಮೈನಸ್ ಬದಲು ಮತ್ತೆ ಪ್ಲಸ್ ಒತ್ತಿದೆ. ಎರಡೂ ಅಕ್ಕಪಕ್ಕ, ಒಂದೇ ಆಕಾರ. ಕೊನೆಗೆ ಪ್ಯಾಡನ್ನೇ ಕೀಳಹೋದೆ. ಅದು ಇನ್ನೂ ದೊಡ್ಡ ತಪ್ಪು. ಅರ್ಧ ಎದ್ದ ಪ್ಯಾಡಿನಲ್ಲಿ ಅಷ್ಟೂ ಕರೆಂಟ್ ಉಳಿದ ಜಾಗದಲ್ಲೇ ಹರಿದು ಸೂಜಿಯ ಹಾಗೆ ಚುಚ್ಚುತ್ತದೆ. ಆಫ್ ಮಾಡಬೇಕಿತ್ತು, ಅಷ್ಟೇ.

ಅಂದಿನಿಂದ ಸ್ನಾಯು ಬಿಗಿಯಾಗಿರುವಾಗ ಮಾತ್ರ ಏರಿಸುತ್ತೇನೆ, ಅದೂ ಒಂದೊಂದೇ ಹೆಜ್ಜೆ. ದಿನಾ ಸೊನ್ನೆಯಿಂದ ಶುರು. ನಿನ್ನೆಯ 28ನೇ ಹೆಜ್ಜೆ ಇವತ್ತು 28ರ ಹಾಗೆ ಇರುವುದಿಲ್ಲ. ಐದಾರು ನಿಮಿಷಕ್ಕೆ ಮೈ ಒಗ್ಗಿಕೊಂಡು ಮಂಕಾಗುತ್ತದೆ, ಆಗ ಇನ್ನೊಂದು ಹೆಜ್ಜೆ. ಗಟ್ಟಿಯಾದ ಬಿಗಿತ ಬೇಕು, ಉರಿ ಬೇಡ. ಉರಿದರೆ ನಾನು ಮೊದಲು ಪ್ಯಾಡ್ ನೋಡುತ್ತೇನೆ: ಜೆಲ್ ಒಣಗಿರುತ್ತದೆ.

ಈ ಪ್ಯಾಡ್ ಹಚ್ಚುವ ಸಂಜೆಯ ಕೆಲಸವೇ ಈಗ ನನಗೆ ಇಷ್ಟ. ತೊಡೆ ತೊಳೆದು ಒರೆಸುವುದು, ಕ್ರೀಮ್ ಗೀಮ್ ಏನೂ ಇಲ್ಲದೆ. ಜೆಲ್ ಮೇಲೆ ಒಂದು ಹನಿ ನೀರು ಸವರಿ, ಅಂಚು ಏಳದಂತೆ ಅಂಗೈಯಿಂದ ಒತ್ತುವುದು. ಒಂದು ದಿನ ಕೆಳಗಿನ ಪ್ಯಾಡನ್ನು (ಯಂತ್ರ ಆಫ್ ಮಾಡಿ!) ಮಂಡಿಯ ಒಳಬದಿಗೆ ಒಂದು ಬೆರಳಷ್ಟು ಸರಿಸಿದೆ. ಐದು ಹೆಜ್ಜೆ ಏರಿಸಿದರೂ ಬರದ ಬಿಗಿತ ಕಡಿಮೆ ಕರೆಂಟಿಗೇ ಬಂತು. ಇಷ್ಟು ದಿನ ಸುಮ್ನೆ ಸಂಖ್ಯೆ ಏರಿಸುತ್ತಿದ್ದೆ ಅಲ್ವಾ! ಈಗ ಕರೆಂಟ್ ಬರುವಾಗ ನಾನೂ ಜೊತೆಗೆ ತೊಡೆ ಬಿಗಿ ಮಾಡುತ್ತೇನೆ.

ಕೈಪಿಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇರುವುದನ್ನು ದೊಡ್ಡದಾಗಿ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಬೇಡಿ. ಗರ್ಭಿಣಿಯರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನ ಇರುವವರು ಡಾಕ್ಟರನ್ನು ಕೇಳದೆ ಬಳಸಬೇಡಿ. ಎದೆ, ಕತ್ತಿನ ಮುಂಭಾಗಕ್ಕೆ ಪ್ಯಾಡ್ ಬೇಡವೇ ಬೇಡ. ಸ್ಪರ್ಶ ಗೊತ್ತಾಗದ ಜಾಗಕ್ಕೂ ಬೇಡ, ಜಾಸ್ತಿಯಾದದ್ದು ತಿಳಿಯುವುದೇ ಇಲ್ಲ.

ಪ್ಯಾಡ್ ಆಗಾಗ ಬದಲಿಸುವ ಖರ್ಚು ಕಾಡುತ್ತದೆ. ಉಳಿಸಲು ಚಿಕ್ಕ ಪ್ಯಾಡ್ ತರಿಸಿದೆ, ಚುಚ್ಚುವುದು ಜಾಸ್ತಿಯಾಯಿತು, ವಾಪಸ್ ದೊಡ್ಡದಕ್ಕೇ ಬಂದೆ. ಮೈನಸ್ ಬಟನ್ ಮೇಲೆ ಒರಟು ಟೇಪಿನ ಒಂದು ತುಂಡು ಅಂಟಿಸಿದ್ದೇನೆ, ನೋಡದೆಯೂ ಬೆರಳಿಗೆ ಸಿಗುತ್ತದೆ. ಮೂರೂವರೆ ಸ್ಟಾರ್. ಬಿಡುವಿನಲ್ಲಿ ಪ್ಲಸ್ ಲಾಕ್ ಆಗುವಂತೆ ಮಾಡಿ, ಉಳಿದ ಒಂದೂವರೆಯನ್ನೂ ಕೊಡುತ್ತೇನೆ.