ಆಯಿಯ ಯಕ್ಷಗಾನಕ್ಕೊಂದು ಗ್ರಾಫಿಕ್ಸ್ ಕಾರ್ಡ್: ರೇಡಿಯಾನ್ ಎಚ್‌ಡಿ 5450, ನಾಲ್ಕು ಮಳೆಗಾಲದ ನಂತರ

ಕಿರೀಟ ತುಂಡಾಗಿದೆ ಎಂದು ಮೊದಲು ಕಂಡುಹಿಡಿದವಳು ಆಯಿ, ಅಂದರೆ ನನ್ನ ಅಮ್ಮ.

ರಾತ್ರಿ ಊಟ ಮುಗಿಸಿ, ಅಡುಗೆಮನೆ ದೀಪ ಆರಿಸಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಕಂಪ್ಯೂಟರ್ ಮುಂದೆ ಕೂತು ಯೂಟ್ಯೂಬಿನಲ್ಲಿ ಒಂದು ತಾಸು ಯಕ್ಷಗಾನ ನೋಡುವುದು ಅವಳ ಅಭ್ಯಾಸ. ಅವತ್ತು ಕೂತಲ್ಲಿಂದಲೇ ಕರೆದಳು. "ತಮಾ, ಇಲ್ನೋಡು, ಕಿರೀಟ ಮಧ್ಯಕ್ಕೆ ಕತ್ತರ್ಸಿದಾಂಗೆ ಕಾಣ್ತು."

ಹೋಗಿ ನೋಡಿದೆ. ವೇಷಧಾರಿ ಸುಮ್ಮನೆ ನಿಂತು ಅರ್ಥ ಹೇಳುವಾಗ ಏನೂ ತೊಂದರೆಯಿಲ್ಲ. ಮಂಡಿ ಹಾಕಿ ಗಿರಗಿರ ತಿರುಗಲು ಶುರು ಮಾಡಿದರೆ ಪರದೆಯ ಅಡ್ಡಕ್ಕೆ ಒಂದು ಗೆರೆ. ಗೆರೆಯ ಮೇಲಿನ ಕಿರೀಟ ಒಂದು ಬೆರಳು ಬಲಕ್ಕೆ, ಕೆಳಗಿನ ಮುಖ ಎಡಕ್ಕೆ. ನನಗೆ ಅದು ಅಲ್ಲಿವರೆಗೆ ಕಂಡೇ ಇರಲಿಲ್ಲ. ನಾನು ಮಾಡುವುದು ಕನ್ನಡ ಟೈಪಿಂಗ್ ಕೆಲಸ, ನನ್ನ ಪರದೆಯಲ್ಲಿ ಓಡುವಂಥದ್ದು ಏನೂ ಇರುವುದಿಲ್ಲ.

ನಮ್ಮದು ಕುಮಟಾ. ಮನೆಯಿಂದ ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಕಂಪ್ಯೂಟರ್ 2010ರಲ್ಲಿ ಕೊಂಡದ್ದು, ಕೋರ್ 2 ಡ್ಯೂಯೋ ಪ್ರೊಸೆಸರ್, ಜಿ41 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್. ಆಮೇಲೆ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ, ಅದರ ಮೇಲೆ ಹಗುರ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ. ಪುಟದ ಲೆಕ್ಕದಲ್ಲಿ ದುಡಿಯುವವನಿಗೆ ಹೊಸ ಕಂಪ್ಯೂಟರ್ ಅಂದರೆ ವರ್ಷದ ಉಳಿತಾಯ. ಹಾಗಾಗಿ ಇದನ್ನೇ ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತ ನಿರ್ಧಾರ.

ತೊಂದರೆಯ ಮೂಲ ಹೊಸ ಮಾನಿಟರ್. 2021ರಲ್ಲಿ ಹಳೆಯ ಚೌಕ ಮಾನಿಟರ್ ಸತ್ತುಹೋಯಿತು. ಅದರದ್ದು 1280×1024, ಅಂದರೆ ಸುಮಾರು 13 ಲಕ್ಷ ಚುಕ್ಕಿ. ಹೊಸದು 1920×1080, ಸುಮಾರು 20.7 ಲಕ್ಷ. ಒಂದೂವರೆ ಪಟ್ಟಿಗಿಂತ ಜಾಸ್ತಿ. ಪರದೆಯ ಚಿತ್ರ ಬಿಡಿಸಲು ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ರ‍್ಯಾಮ್‌ನಲ್ಲೇ ಪಾಲು ತೆಗೆದುಕೊಳ್ಳಬೇಕು. ಮೊದಲು ಸರಾಗವಾಗಿದ್ದ ಕೆಲಸ ಈಗ ಎಳೆದಾಡತೊಡಗಿತು.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ಕನಿಷ್ಠ 2 ಜಿಬಿ ಮೆಮೊರಿಯ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೂಡ ಬದಲಿಸಬೇಕು ಅಂದರು. ಒಂದು ತಿಂಗಳು ಅದನ್ನೇ ನಂಬಿಕೊಂಡು ಸುಮ್ಮನೆ ಕೂತಿದ್ದೆ. ಆಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ಚುಕ್ಕಿಗೆ 4 ಬೈಟ್. ಇಡೀ ಪರದೆಯ ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ. ಪರದೆ ತುಂಬುವ ಹತ್ತು ಕಿಟಕಿ ತೆರೆದಿಟ್ಟರೂ 83 ಎಂಬಿ. ಬ್ರೌಸರ್ ಇನ್ನೊಂದಿಷ್ಟು ತಿನ್ನಲಿ. ಡೆಸ್ಕ್‌ಟಾಪ್ ನಡೆಸಲು 512 ಎಂಬಿ ಕಾರ್ಡ್ ಧಾರಾಳ ಸಾಕು. ಕಂಪ್ಯೂಟರ್ ಗೇಮ್ ಆಡುವವರ ಲೆಕ್ಕ ಬೇರೆ, ನಮ್ಮದು ಬೇರೆ ಅಲ್ವಾ?

ಗೆಳೆಯನ ಹಳೇ ಕಾರ್ಡ್ ಒಂದನ್ನು ಎರಡು ವಾರ ತಂದು ಹಾಕಿ ನೋಡಿದೆ. ಅದಕ್ಕೊಂದು ಸಣ್ಣ ಫ್ಯಾನ್. ಮರ ಕೊರೆಯುವ ದುಂಬಿಯ ಹಾಗೆ ಇಡೀ ದಿನ ಗುಂಯ್ ಅನ್ನುತ್ತಿತ್ತು. ತಲೆನೋವು ಬಂದು ವಾಪಸ್ ಕೊಟ್ಟೆ. ಆಗಲೇ ತೀರ್ಮಾನ ಮಾಡಿದ್ದು, ಫ್ಯಾನ್ ಇಲ್ಲದ ಕಾರ್ಡೇ ಬೇಕು ಎಂದು. 2021ರ ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಎಚ್‌ಡಿ 5450 ಸಿಕ್ಕಿತು. 1 ಜಿಬಿ, ಬರೀ ಹೀಟ್‌ಸಿಂಕ್, ಎಚ್‌ಡಿಎಂಐ ಇದೆ. 900 ರೂಪಾಯಿ ಕೊಟ್ಟೆ.

ಇದು 2010ರ ಫೆಬ್ರವರಿಯಲ್ಲಿ ಬಂದ ಕಾರ್ಡ್. ಹೆಚ್ಚೆಂದರೆ 19 ವಾಟ್ ತಿನ್ನುತ್ತದೆ, ಬೋರ್ಡಿನಲ್ಲಿ ಅದು ಕೂರುವ ಸ್ಲಾಟ್ 75 ವಾಟ್ ತನಕ ಕೊಡಬಲ್ಲದು. ಎಸ್‌ಎಂಪಿಎಸ್ ಬದಲಿಸುವ ಮಾತೇ ಇಲ್ಲ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಕೂತು ಕೆಲಸ ಸೇವ್ ಮಾಡಿಕೊಳ್ಳಲು ಹೆಚ್ಚುಕಡಿಮೆ ಮೊದಲಿನಷ್ಟೇ ಸಮಯ ಸಿಗುತ್ತದೆ. ಮಳೆಗಾಲದ ಕುಮಟಾದಲ್ಲಿ ಇದು ಸಣ್ಣ ವಿಷಯವಲ್ಲ.

ಹಾಕಿದ ದಿನ ಮಾತ್ರ ಅಳು ಬಂದಿತ್ತು. ಪರದೆ ಬಂತು, ಆದರೆ ಕಿಟಕಿಯನ್ನು ಎಳೆದರೆ ಕೆಸರಿನಲ್ಲಿ ಎಳೆದ ಹಾಗೆ. ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಎಂಬ ಆದೇಶ ಓಡಿಸಿದರೆ ರೆಂಡರರ್ (ಚಿತ್ರ ಬಿಡಿಸುವವರು ಯಾರು) ಅಂತ ಇರುವಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ತೋರಿಸಿತು. ಹಳೇ ಕಂಪ್ಯೂಟರ್ ಇಟ್ಟುಕೊಂಡವರು ಈ ಒಂದು ಹೆಸರನ್ನು ನೆನಪಿಟ್ಟುಕೊಳ್ಳಲೇಬೇಕು. ಅದು ಕಂಡರೆ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿದೆ, ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬಿದ್ದಿದೆ ಎಂದರ್ಥ. ಆಗ ನನ್ನ ಬಳಿ ಇದ್ದದ್ದು ಡೆಬಿಯನ್ 11. ಈ ಕಾರ್ಡಿಗೆ ಬೇಕಾದ ಫರ್ಮ್‌ವೇರ್, ಅಂದರೆ ಕಾರ್ಡಿನ ಒಳಗೇ ಓಡುವ ಸಣ್ಣ ತಂತ್ರಾಂಶ, ಅದರಲ್ಲಿ ಜೊತೆಗೇ ಬರುತ್ತಿರಲಿಲ್ಲ, ನಾವೇ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಹಾಕಿ ಮತ್ತೆ ಶುರು ಮಾಡಿದೆ. ರೆಂಡರರ್ ಜಾಗದಲ್ಲಿ 'ಸೀಡರ್' ಎಂದು ಬಂತು. ಅದೇ ಈ ಚಿಪ್ಪಿನ ಹೆಸರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಬರುತ್ತದೆ, ಈ ಪಾಡು ಈಗಿಲ್ಲ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರ. ಹಳೇ ಬೋರ್ಡಿನಲ್ಲಿ ವಿಜಿಎ ಮಾತ್ರ ಇತ್ತು, ದೊಡ್ಡ ಪರದೆಯಲ್ಲಿ ಅಂಚುಗಳು ಮಸುಕು. ಇಂಗ್ಲಿಷ್ ಓದುವವರಿಗೆ ನಡೆಯುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ. ಥ ಅಕ್ಷರದ ಹೊಟ್ಟೆಯ ಚುಕ್ಕಿ ಮಾಯವಾದರೆ ಅದು ಧ ಆಗುತ್ತದೆ. ಒತ್ತಕ್ಷರದ ಮೇಲೆ ಇನ್ನೊಂದು ಒತ್ತು ಬಂದರೆ ಬರೀ ಕಪ್ಪು ಮುದ್ದೆ. ತಪ್ಪು ಹುಡುಕಲು ಪುಟವನ್ನು ದೊಡ್ಡದು ಮಾಡಿ ಮಾಡಿ ನೋಡಬೇಕಿತ್ತು. ಎಚ್‌ಡಿಎಂಐ ಹಾಕಿದ ಸಂಜೆ ಒಂದು ದೇವಸ್ಥಾನದ ಜಮಾಖರ್ಚಿನ ವರದಿ ತೆರೆದೆ. 'ಪ್ರಾರ್ಥನೆ'ಯ ಚುಕ್ಕಿ ಅದರ ಜಾಗದಲ್ಲಿ ಕೂತಿತ್ತು. ಅವತ್ತು ಹನ್ನೊಂದು ಪುಟ ತಿದ್ದಿದೆ, ಕಣ್ಣು ಉರಿಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಹೆಮ್ಮೆಯಿಂದ ಆಯಿಯನ್ನು ಕರೆದು ಕೂರಿಸಿದೆ. ವೇಷ ಮಂಡಿ ಹಾಕಿತು. ಗೆರೆ ಅಲ್ಲೇ ಇತ್ತು.

ಆ ರಾತ್ರಿ ಬಹಳ ಬೇಜಾರಾಯಿತು. ಕಾರ್ಡ್ ಬದಲಾಯಿಸಿದರೆ ಗೆರೆ ಹೋಗುತ್ತದೆ ಎಂದೇ ನಾನು ತಿಳಿದಿದ್ದೆ. ಅದು ಕಾರ್ಡಿನ ಶಕ್ತಿಯ ಪ್ರಶ್ನೆಯೇ ಅಲ್ಲ. ಮಾನಿಟರ್ ಸೆಕೆಂಡಿಗೆ 60 ಸಲ ಮೇಲಿಂದ ಕೆಳಗೆ ಚಿತ್ರವನ್ನು ಓದಿಕೊಳ್ಳುತ್ತದೆ. ಅದು ಅರ್ಧಕ್ಕೆ ಬಂದಾಗ ಕಂಪ್ಯೂಟರ್ ಹೊಸ ಚಿತ್ರ ಇಟ್ಟರೆ, ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಮಕ್ಕಳು ಬೋರ್ಡ್ ನೋಡಿ ಬರೆದುಕೊಳ್ಳುತ್ತಿರುವಾಗಲೇ ಮೇಷ್ಟ್ರು ಒರೆಸಿ ಹೊಸ ಪಾಠ ಬರೆದ ಹಾಗೆ. ಇದಕ್ಕೆ ಟಿಯರಿಂಗ್ ಅನ್ನುತ್ತಾರೆ. ಚಿತ್ರವನ್ನು ಸರಿಯಾದ ಕ್ಷಣಕ್ಕೆ ಬದಲಾಯಿಸು ಎಂದು ಯಾರಾದರೂ ಹೇಳಬೇಕು. ಒಂದೋ ಎಲ್ಲ ಕಿಟಕಿಗಳನ್ನು ಜೋಡಿಸಿ ಒಂದು ಚಿತ್ರ ಮಾಡುವ ಕಂಪೊಸಿಟರ್ ಹೇಳಬೇಕು, ಇಲ್ಲ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹೇಳಬೇಕು.

ರೇಡಿಯಾನ್ ಡ್ರೈವರ್‌ಗೆ 'ಟಿಯರ್‌ಫ್ರೀ' ಎಂಬ ಆಯ್ಕೆ ಇದೆ. ಪರದೆ ನೋಡಿಕೊಳ್ಳುವ ಎಕ್ಸ್‌ಆರ್ಗ್ ತಂತ್ರಾಂಶದ ಸಂರಚನೆಯ ಫೋಲ್ಡರಿನಲ್ಲಿ ನಾಲ್ಕೈದು ಸಾಲಿನ ಒಂದು ಸಣ್ಣ ಫೈಲ್ ಬರೆದು ಅದನ್ನು ಆನ್ ಮಾಡಿದೆ. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಅಲ್ಲಿನ ಕಂಪೊಸಿಟರ್ ಆಫ್ ಮಾಡಿದೆ, ಕಿಟಕಿಯ ನೆರಳು ನನಗೆ ಬೇಕಿರಲಿಲ್ಲ. ಮರುದಿನ ರಾತ್ರಿ ಆಯಿ ಪೂರ್ತಿ ಒಂದು ಯುದ್ಧದ ಕುಣಿತ ನೋಡಿದಳು. ಏನೂ ಹೇಳಲಿಲ್ಲ. ಕಿರೀಟದ ಸುದ್ದಿ ಅಲ್ಲಿಗೆ ಮುಗಿಯಿತು.

ಇದೇ ಪ್ರಯತ್ನವನ್ನು ಬೋರ್ಡಿನ ಚಿಪ್ ಮೇಲೂ ಆಮೇಲೆ ಮಾಡಿದೆ, ಇಂಟೆಲ್ ಡ್ರೈವರ್‌ನಲ್ಲೂ ಆ ಆಯ್ಕೆ ಇದೆ. ಗೆರೆ ಹೋಯಿತು. ಆದರೆ ಈ ದೊಡ್ಡ ಪರದೆಗೆ ಕುಣಿತ ತಡವರಿಸಿತು, ಮಸುಕು ಅಕ್ಷರ ಹಾಗೇ ಉಳಿಯಿತು. ನನ್ನ ಮಟ್ಟಿಗೆ 900 ರೂಪಾಯಿ ವ್ಯರ್ಥವಾಗಲಿಲ್ಲ. ಶಿರಸಿಯಲ್ಲಿರುವ ಮಾವನ ಕಥೆ ಬೇರೆ. ಅವರದ್ದೂ ಇದೇ ವಯಸ್ಸಿನ ಯಂತ್ರ, ಹಳೇ ಚೌಕ ಮಾನಿಟರ್, ಅಡಿಕೆ ಲೆಕ್ಕ ಬರೆಯುವುದಷ್ಟೇ. "ಮಾವ, ನಿಮಗೆ ಕಾರ್ಡ್ ಬೇಡ, ಎಕ್ಸ್‌ಎಫ್‌ಸಿಇ ಹಾಕಿಕೊಡ್ತೆ, ಸಾಕು" ಎಂದೆ. ಇವತ್ತಿಗೂ ನಡೆಯುತ್ತಿದೆ.

ಡೆಸ್ಕ್‌ಟಾಪ್ ಯಾವುದು ಎಂಬುದರ ಮೇಲೆ ಬಹಳಷ್ಟು ನಿಂತಿದೆ. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗಿನಿಂದ ಅದರಲ್ಲಿ ಎಲ್ಲ ಕಿಟಕಿಯೂ ಓಪನ್‌ಜಿಎಲ್ (ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬಿಡಿಸಿಕೊಳ್ಳುವ ವಿಧಾನ) ಮೂಲಕವೇ ಪರದೆಗೆ ಬರಬೇಕು. ಕಾರ್ಡ್ ಕೈಲಾಗದವರಿಗೆ ಒಂದು ಸರಳ ರೂಪ ಇಟ್ಟಿದ್ದರು, ಅದನ್ನು 2013ರ 3.8ರಲ್ಲಿ ತೆಗೆದರು. ಸಿನಮನ್ ಎಂಬ ಡೆಸ್ಕ್‌ಟಾಪ್ ಕೂಡ ಓಪನ್‌ಜಿಎಲ್ ಕೇಳುತ್ತದೆ. ಎಕ್ಸ್‌ಎಫ್‌ಸಿಇ, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಈ ಮೂರರಲ್ಲಿ ಕಂಪೊಸಿಟರ್ ಇಲ್ಲದೆಯೂ ದಿನ ದೂಡಬಹುದು. ಹದಿನೈದು ವರ್ಷದ ಯಂತ್ರಕ್ಕೆ ನಾನು ಇವುಗಳಲ್ಲೇ ಒಂದನ್ನು ಹೇಳುವುದು.

ಕಾರ್ಡ್ ಕೊಳ್ಳುವಾಗ ಮೆಮೊರಿಗಿಂತ ಮೊದಲು ಡ್ರೈವರ್ ಕೇಳಿ. ಹಳೇ ಅಂಗಡಿಗಳಲ್ಲಿ ಜಿಫೋರ್ಸ್ 210 ಕೂಡ ಸಿಗುತ್ತದೆ. ಅದಕ್ಕೆ ಎನ್‌ವಿಡಿಯಾ ಕಂಪನಿ ಕೊಡುತ್ತಿದ್ದ 340 ಸರಣಿಯ ಡ್ರೈವರ್‌ಗೆ ಬೆಂಬಲ 2019ರ ಕೊನೆಗೆ ನಿಂತಿದೆ, ಈಗ ನೂವೋ ಎಂಬ ಮುಕ್ತ ಡ್ರೈವರ್ ನಂಬಿಕೊಳ್ಳಬೇಕು. ರೇಡಿಯಾನ್ ತಯಾರಿಸುವ ಎಎಂಡಿ 2007ರಲ್ಲೇ ತನ್ನ ಚಿಪ್‌ಗಳ ದಾಖಲೆಗಳನ್ನು ಮುಕ್ತ ಡ್ರೈವರ್ ಬರೆಯುವವರಿಗೆ ಕೊಡಲು ಶುರು ಮಾಡಿತ್ತು. ಅದರ ಫಲವನ್ನು ನಾನು ಈಗ ಉಣ್ಣುತ್ತಿದ್ದೇನೆ. ಡೆಬಿಯನ್ 11ರಿಂದ 12ಕ್ಕೆ ಹೋದಾಗ ಈ ಕಾರ್ಡಿಗಾಗಿ ನಾನು ಒಂದು ಸಾಲೂ ಬದಲಾಯಿಸಲಿಲ್ಲ.

ಇನ್ನು ಕಷ್ಟ ಹೇಳುತ್ತೇನೆ. 2022ರ ಜೂನ್, ಮಳೆ ಹಿಡಿದು ಎರಡು ವಾರ. ಬೆಳಿಗ್ಗೆ ಬಟನ್ ಒತ್ತಿದರೆ ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್. ಪರದೆ ಕಪ್ಪು. ಕಾರ್ಡ್ ಸತ್ತೇ ಹೋಯಿತು ಅಂದುಕೊಂಡೆ. ತೆಗೆದು ಬೆಳಕಿಗೆ ಹಿಡಿದರೆ ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪದರ. ಆ ಚಿನ್ನದ ಲೇಪ ತುಂಬಾ ತೆಳು. ಉಪ್ಪುಗಾಳಿ ಮತ್ತು ತೇವ ಅದರ ಸಣ್ಣ ಸಣ್ಣ ತೂತುಗಳಿಂದ ಕೆಳಗಿನ ಲೋಹಕ್ಕೆ ಇಳಿಯುತ್ತವೆ. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಇರುವ ತಾಲೂಕು ನಮ್ಮದು, ಈ ಗಾಳಿಗೆ ಮನೆಯ ಕಿಟಕಿ ಸರಳೇ ನಿಲ್ಲುವುದಿಲ್ಲ.

ಈಗ ಅದಕ್ಕೊಂದು ಕ್ರಮ ಆಗಿಬಿಟ್ಟಿದೆ. ವೈರ್ ಕೀಳುವುದು. ಕೈಯನ್ನು ಒಮ್ಮೆ ಕ್ಯಾಬಿನೆಟ್‌ನ ಬರಿ ಲೋಹಕ್ಕೆ ಮುಟ್ಟಿಸುವುದು. ಒಂದು ಸ್ಕ್ರೂ ಬಿಚ್ಚಿ, ಸ್ಲಾಟಿನ ತುದಿಯ ಕೊಕ್ಕೆ ಒತ್ತಿ, ಕಾರ್ಡನ್ನು ನೇರಕ್ಕೆ ಎತ್ತುವುದು. ಹಳೇ ಪೇಪರ್ ಮೇಲೆ ಇಟ್ಟು, ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲಿನ ಉದ್ದಕ್ಕೆ ಮೆಲ್ಲ ಉಜ್ಜುವುದು. ನಾಲ್ಕೇ ಸಲ. ಜಾಸ್ತಿ ಉಜ್ಜಿದರೆ ಚಿನ್ನವೇ ಹೋಗುತ್ತದೆ. ಪುಡಿಯನ್ನು ಬಣ್ಣದ ಬ್ರಶ್ಶಿನಿಂದ ಕೊಡವಿ, ಅದೇ ಬ್ರಶ್ಶನ್ನು ಸ್ಲಾಟಿನೊಳಗೂ ಒಮ್ಮೆ ಆಡಿಸಿ, ಕೊಕ್ಕೆ ಟಕ್ ಅನ್ನುವ ತನಕ ಕಾರ್ಡನ್ನು ಕೂರಿಸುವುದು. ಒಂದೇ ಬೀಪ್ ಬಂದರೆ ಗೆದ್ದ ಹಾಗೆ. ಮೊದಲ ಮಳೆಗಾಲದಲ್ಲಿ ಇದನ್ನು ಮೂರು ಸಲ ಮಾಡಿದೆ. ಆಮೇಲೆ ಮಳೆಗಾಲದಲ್ಲಿ ಕೆಲಸ ಇಲ್ಲದ ದಿನವೂ ಒಂದು ತಾಸು ಕಂಪ್ಯೂಟರ್ ಹಚ್ಚಿಡತೊಡಗಿದೆ, ಒಳಗಿನ ಬಿಸಿಗೆ ತೇವ ಆರಲಿ ಎಂದು. ಈಚಿನ ಎರಡು ವರ್ಷ ವರ್ಷಕ್ಕೊಂದೇ ಸಲ ಸಾಕಾಗಿದೆ. ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಲೆಗಳ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ಅದನ್ನೂ ಆಗಲೇ ಬ್ರಶ್ಶಿನಿಂದ ತೆಗೆಯುತ್ತೇನೆ.

ಇನ್ನೊಂದು ಕೊರತೆಗೆ ರಬ್ಬರ್ ಸಾಲದು. ವಿಡಿಯೋವನ್ನು ಚಿಕ್ಕದಾಗಿ ಮಡಿಸಿ ಕಳಿಸಲು ಬೇರೆ ಬೇರೆ ವಿಧಾನಗಳಿವೆ; ಅವುಗಳಲ್ಲಿ ಎಚ್.264ರಲ್ಲಿ ಮಡಿಸಿದ್ದನ್ನು ಈ ಕಾರ್ಡ್ ತಾನೇ ಬಿಡಿಸಬಲ್ಲದು. ಯೂಟ್ಯೂಬ್ ಹೆಚ್ಚಾಗಿ ಕಳಿಸುವುದು ವಿಪಿ9 ಎಂಬ ಇನ್ನೊಂದು ವಿಧಾನದಲ್ಲಿ. ಅದು ಬಂದದ್ದು 2013ರಲ್ಲಿ, ಕಾರ್ಡ್ 2010ರದ್ದು. ಹಾಗಾಗಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. 1080ರಲ್ಲಿ ಇಟ್ಟರೆ ಚಂಡೆಯ ಪೆಟ್ಟು ಮುಂದೆ, ಹೆಜ್ಜೆ ಹಿಂದೆ. ಆಯಿಗೆ ಇದು ಕಿರೀಟಕ್ಕಿಂತ ದೊಡ್ಡ ತಪ್ಪು. "ತಾಳವೇ ಇಲ್ಲೆ ಅಂದ್ರೆ ಎಂತ ನೋಡುದು" ಎಂದು ಎದ್ದು ಹೋಗಿದ್ದಳು. ಫೈರ್‌ಫಾಕ್ಸ್‌ಗೆ ಎಚ್264ಇಫೈ ಎಂಬ ಆಡ್‌ಆನ್ ಹಾಕಿದೆ, ಅದು ಯೂಟ್ಯೂಬಿನಿಂದ ಎಚ್.264ನ್ನೇ ಕೇಳಿ ತರಿಸುತ್ತದೆ. 720ಕ್ಕೆ ಇಳಿಸಿದೆ. ತಾಳ ಕೂಡಿತು. ಪೆನ್‌ಡ್ರೈವಿನಲ್ಲಿ ಬಂದ ಯಕ್ಷಗಾನದ ಆಟಗಳನ್ನು ಎಂಪಿವಿ ಪ್ಲೇಯರಿನಲ್ಲಿ ಹಾಕುತ್ತೇನೆ. ಅಲ್ಲಿ ಕಾರ್ಡೇ ಬಿಡಿಸುವುದರಿಂದ ಪೂರ್ತಿ 1080ರಲ್ಲೂ ತಾಳ ತಪ್ಪುವುದಿಲ್ಲ.

ರಾತ್ರಿ ಹತ್ತರ ಮೇಲೆ ನಾನು ಮತ್ತೆ ಟೈಪಿಂಗಿಗೆ ಕೂರುತ್ತೇನೆ. ಪ್ರೊಸೆಸರ್ ಫ್ಯಾನಿನ ಸಣ್ಣ ಉಸಿರು ಬಿಟ್ಟರೆ ಪೆಟ್ಟಿಗೆಯಿಂದ ಸದ್ದಿಲ್ಲ. ಆಗಸ್ಟ್ ತಿಂಗಳಲ್ಲಿ ಕಡಲಿನ ಮೊರೆತ ಮೇಜಿನ ತನಕ ಬರುತ್ತದೆ. ಗೆಳೆಯನ ಕಾರ್ಡ್ ಇದ್ದ ಎರಡು ವಾರ ಅದು ಕೇಳಿಸಿರಲಿಲ್ಲ.

ಇದೇ ಕಾರ್ಡ್ ಇನ್ನೊಂದನ್ನು ಹುಡುಕುತ್ತಿದ್ದೇನೆ, ಎತ್ತಿಡಲು. ಫ್ಯಾನ್ ಇರಬಾರದು, ಎಚ್‌ಡಿಎಂಐ ಇರಬೇಕು, ಹಲ್ಲು ಸವೆದಿರಬಾರದು. 1000 ರೂಪಾಯಿ ತನಕ ಕೊಡುತ್ತೇನೆ. ಮುಂದಿನ ಜೂನ್ ಒಳಗೆ ಸಿಕ್ಕರೆ ಒಳ್ಳೆಯದು.