ಮನಸೋತೆ ಅಂತ ಹೇಳೋದು ಯಾರು? ಥರ್ಸ್ಟಿ ಸ್ವೋರ್ಡ್ ಲೆಸ್ಬಿಯನ್ಸ್ ಆಡಿದ ಮೇಲೆ

ಮೂರು ವರ್ಷದ ಹಿಂದಿನ ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟೋ ಆಟ, ಅದನ್ನ ಆಡೋ ಒಂದು ಗುಂಪಿಗೆ ಹೊಸದಾಗಿ ಸೇರಿದ್ದೆ. ನನ್ನ ಪಾತ್ರ ಒಬ್ಬ ಮಂತ್ರವಾದಿನಿ. ಪಕ್ಕದಲ್ಲಿ ಕೂತವನದು ಊರೂರು ಸುತ್ತೋ ಹಾಡುಗಾರನ ಪಾತ್ರ. ಅವನು ಇಪ್ಪತ್ತು ಮುಖದ ದಾಳ ಉರುಳಿಸಿದ, 20 ಬಿತ್ತು, 'ಈಗ ನಿನ್ನ ಮಂತ್ರವಾದಿನಿಗೆ ನನ್ನ ಮೇಲೆ ಲವ್ ಆಯ್ತು' ಅಂದ. ಬೇಡ ಅಂದೆ. ಆಟ ನಡೆಸುತ್ತಿದ್ದವರು 'ದಾಳ ಬಿದ್ದಾಯ್ತಲ್ಲ' ಅಂದರು. ಆ ಗುಂಪಿಗೆ ಮತ್ತೆ ಹೋಗಲಿಲ್ಲ.

ಆ ಆಟದ ಪುಸ್ತಕದಲ್ಲಿ ಪ್ರೀತಿಗೆ ಅಂತ ಬೇರೆ ನಿಯಮ ಇಲ್ಲ. ಹಾಗಾಗಿ ಅಂಗಡಿಯವನ ಹತ್ತಿರ ಚೌಕಾಸಿ ಮಾಡೋಕೆ ಬಳಸೋ ದಾಳವನ್ನೇ ಕೆಲವರು ಜೊತೆಗಾರರ ಮೇಲೂ ಉರುಳಿಸುತ್ತಾರೆ. ನನ್ನ ಪಾತ್ರಕ್ಕೆ ಯಾರು ಇಷ್ಟ ಅನ್ನೋದನ್ನ ನಾನಲ್ಲದೆ ಇನ್ಯಾರು ಹೇಳಬೇಕು? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಆಟ ಅಂದರೆ ಥರ್ಸ್ಟಿ ಸ್ವೋರ್ಡ್ ಲೆಸ್ಬಿಯನ್ಸ್. ಬರೆದವರು ಏಪ್ರಿಲ್ ಕಿಟ್ ವಾಲ್ಷ್, ಹೊರತಂದಿದ್ದು ಅಮೆರಿಕದ ಈವಿಲ್ ಹ್ಯಾಟ್ ಪ್ರೊಡಕ್ಷನ್ಸ್, 2021ರಲ್ಲಿ. ಆಟದ ಬರವಣಿಗೆಗೆ ಕೊಡೋ ನೆಬ್ಯುಲಾ ಪ್ರಶಸ್ತಿಯೂ ಇದಕ್ಕೆ ಬಂದಿದೆ. ಹೆಸರು ನೋಡಿ ಪಕ್ಕಕ್ಕೆ ಇಡಬೇಡಿ. ಕತ್ತಿ ಹಿಡಿದ, ಹೆಣ್ಣನ್ನೇ ಪ್ರೀತಿಸೋ ಹೆಣ್ಣುಗಳ ಸಾಹಸದ ಕತೆ ಇದು, ಅದನ್ನ ಮುಚ್ಚಿಡದೆ ಸಂತೋಷದಿಂದ ಹೇಳುತ್ತೆ, ಆದರೆ ಆಡೋರು ಯಾರು ಬೇಕಾದರೂ ಆಗಬಹುದು. ನಮ್ಮ ನಾಲ್ಕು ಜನರಲ್ಲಿ ಒಂದು ಗಂಡ ಹೆಂಡತಿ ಜೋಡಿಯೂ ಇದೆ.

ಆಡೋದು ಸುಲಭ. ಆರು ಮುಖದ ಎರಡು ದಾಳ ಸಾಕು. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡಿದ್ದು ಆಯ್ತು, 7ರಿಂದ 9 ಬಂದರೆ ಅರ್ಧಂಬರ್ಧ, ಅದಕ್ಕಿಂತ ಕಡಿಮೆ ಆದರೆ ಕತೆ ಕೆಟ್ಟ ಕಡೆ ತಿರುಗುತ್ತೆ, ಆದರೆ ಪಾತ್ರವನ್ನ ಬೆಳೆಸೋ ಅನುಭವದ ಅಂಕ ಸಿಗುತ್ತೆ. ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಇದೇ ಥರದ ಆಟ ಆಡಿದವರಿಗೆ ಇದು ಗೊತ್ತಿರೋ ದಾರಿಯೇ.

ಈಗ ನನಗೆ ಅತಿ ಇಷ್ಟವಾದ ನಿಯಮ. ನಿಮ್ಮ ಪಾತ್ರಕ್ಕೆ ಯಾರ ಮೇಲಾದರೂ ಮನಸ್ಸಾದರೆ ನೀವೇ ಬಾಯಿಬಿಟ್ಟು ಹೇಳಬೇಕು. ಯಾಕೆ ಅಂತಲೂ ಹೇಳಬೇಕು. ಹೇಳಿದ ತಕ್ಷಣ ಆ ಇನ್ನೊಬ್ಬರಿಗೆ ನಿಮ್ಮ ಮೇಲೆ ಒಂದು 'ಸ್ಟ್ರಿಂಗ್' ಸಿಗುತ್ತೆ. ನಾವು ಕನ್ನಡದಲ್ಲಿ ಆಡುವಾಗ ಅದನ್ನ ಜುಟ್ಟು ಅಂತ ಕರೆದೆವು. ಇದಕ್ಕಿಂತ ಒಪ್ಪೋ ಪದ ನನಗೆ ಗೊತ್ತಿಲ್ಲ. ಇಷ್ಟಪಟ್ಟೆ ಅಂದ ಗಳಿಗೆಯಿಂದ ನಿಮ್ಮ ಜುಟ್ಟು ಅವರ ಕೈಯಲ್ಲಿ, ಅಲ್ವಾ? ಅದನ್ನ ಖರ್ಚು ಮಾಡಿ ಅವರು ನಿಮ್ಮನ್ನ ಏನಾದರೂ ಮಾಡೋಕೆ ಪುಸಲಾಯಿಸಬಹುದು. ಮಾಡಿದರೆ ನಿಮಗೆ ಅಂಕ. ಮಾಡಲ್ಲ ಅನ್ನೋ ಹಕ್ಕೂ ನಿಮ್ಮದೇ.

ನಮ್ಮ ಎರಡನೇ ದಿನದ ಆಟ ಹೇಳುತ್ತೇನೆ. ಗೆಳತಿಯದು ಅರಮನೆ ಕಾವಲುಗಾರ್ತಿಯ ಪಾತ್ರ, ನನ್ನದು ಕಳ್ಳಿ. ಮಳೆ, ರಾತ್ರಿ, ಹೆಂಚಿನ ಮಾಡಿನ ಮೇಲೆ ಇಬ್ಬರಿಗೂ ಕತ್ತಿ ಕಾಳಗ. ಅವಳು ನನ್ನನ್ನ ಹಿಡಿಯಲೇಬೇಕು, ನಾನು ಓಡಲೇಬೇಕು. ನಾನು ಹಿಂದೆ ಸರಿಯುತ್ತೇನೆ ಅಂದೆ. ಗೆಳತಿ ದಾಳ ಎತ್ತಿಕೊಂಡವಳು ಹಾಕದೆ ನಿಂತು, ಕಾವಲುಗಾರ್ತಿಯ ದನಿಯಲ್ಲಿ, 'ಅಲ್ಲಿ ಕಾಲಿಡಬೇಡ, ಆ ಹೆಂಚು ಸಡಿಲ ಇದೆ' ಅಂದಳು. ಅಷ್ಟೇ. ಯಾರೂ ಮಾತಾಡಲಿಲ್ಲ. ಟೀ ಲೋಟ ಎತ್ತಿದವನು ಹಾಗೇ ಕೆಳಗಿಟ್ಟ. ನಾನು ದಾಳವನ್ನ ಮೇಜಿನ ಮೇಲಿಟ್ಟು 'ನನ್ನ ಕಳ್ಳಿ ಮನಸೋತಳು' ಅಂದೆ. ಯಾಕೆ ಅಂತ ಅವಳು ಕೇಳಿದಳು, ನಿಯಮದ ಪ್ರಕಾರ ನಾನು ಹೇಳಲೇಬೇಕಿತ್ತು. 'ನಾನು ಬೀಳಬಾರದು ಅಂತ ಈವರೆಗೆ ಯಾರೂ ಅಂದುಕೊಂಡಿರಲಿಲ್ಲ' ಅಂತ ನನ್ನ ಬಾಯಿಂದ ಬಂತು. ಮೊದಲೇ ಯೋಚಿಸಿಟ್ಟ ಮಾತಲ್ಲ ಅದು. ನನ್ನ ಕಳ್ಳಿ ಎಂಥವಳು ಅನ್ನೋದು ನನಗೂ ಆಗಲೇ ತಿಳಿದಿದ್ದು.

ಪೆಟ್ಟು ಬಿದ್ದ ಹಾಗೆಲ್ಲ ಕಮ್ಮಿಯಾಗೋ ಪ್ರಾಣದ ಅಂಕ ಅನ್ನೋದೂ ಇಲ್ಲಿ ಇಲ್ಲ. ಪೆಟ್ಟು ಬಿದ್ದರೆ ಸಿಟ್ಟು, ಭಯ, ತಪ್ಪು ಮಾಡಿದೆ ಅನ್ನೋ ಕೊರಗು, ಹತಾಶೆ, ಅಳುಕು, ಈ ಐದರಲ್ಲಿ ಒಂದನ್ನ ನಿಮ್ಮ ಪಾತ್ರದ ಹಾಳೆಯಲ್ಲಿ ಗುರುತು ಹಾಕಬೇಕು. ಯಾರಾದರೂ ಪಕ್ಕ ಕೂತು ಸಮಾಧಾನ ಹೇಳಿ, ನೀವು ಮನಸ್ಸು ಬಿಚ್ಚಿ ಮಾತಾಡಿದರೆ ಆ ಗುರುತು ಅಳಿಸಬಹುದು. ಹೀಗಾಗಿ ಕಾಳಗ ಮುಗಿದ ಮೇಲಿನ ಮಾತುಕತೆಗೆ ಕಾಳಗದಷ್ಟೇ ಬೆಲೆ. ಅಪಾಯದ ಮಧ್ಯೆ ಕೊನೆಗೂ ಮುತ್ತು ಕೊಡೋದಕ್ಕೆ ಅಂತಲೇ ಒಂದು ನಿಯಮ ಇದೆ! ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ.

ಗಂಡ ಎದುರಿಗೇ ಕೂತಿರುವಾಗ ಹೆಂಡತಿಯ ಪಾತ್ರ ಇನ್ನೊಬ್ಬರ ಪಾತ್ರವನ್ನ ಇಷ್ಟಪಟ್ಟರೆ ಮುಜುಗರ ಆಗಲ್ವಾ ಅಂತ ಕೇಳಬಹುದು. ಶುರು ಮಾಡೋ ಮೊದಲೇ ಯಾವ ವಿಷಯ ಬೇಕು, ಯಾವುದು ಬೇಡ, ಯಾವುದನ್ನ ತೋರಿಸದೆ ದಾಟಿಸಬೇಕು ಅಂತ ಕೂತು ಮಾತಾಡಿ ಅಂತ ಪುಸ್ತಕವೇ ಹೇಳುತ್ತೆ. ನಾವು ಒಂದು ಗಂಟೆ ಮಾತಾಡಿದೆವು. ಮೇಜಿನ ಮಧ್ಯೆ ಎಕ್ಸ್ ಬರೆದ ಚೀಟಿ ಇಟ್ಟೆವು. ಯಾರು ಮುಟ್ಟಿದರೂ ಆ ಮಾತು ಅಲ್ಲಿಗೆ ನಿಲ್ಲಬೇಕು, ಕಾರಣ ಕೇಳೋ ಹಾಗಿಲ್ಲ. ಒಂದೇ ಸಲ ಮುಟ್ಟಬೇಕಾಯ್ತು, ಕತೆ ಬೇರೆ ಕಡೆ ಹೋಯಿತು, ಯಾರ ಮುಖವೂ ಸಣ್ಣಗಾಗಲಿಲ್ಲ. ಆ ಹಳೇ ಗುಂಪಿನಲ್ಲಿ ಇಷ್ಟು ಇದ್ದಿದ್ದರೆ ಸಾಕಾಗಿತ್ತು.

ಕೊರತೆಗಳೂ ಇವೆ. ಇಬ್ಬರ ಪ್ರೀತಿ ರಂಗೇರಿದಾಗ ಉಳಿದ ಇಬ್ಬರು ಸುಮ್ನೆ ಕೂರಬೇಕಾಗುತ್ತೆ. ನಮ್ಮಲ್ಲಿ ಒಂದು ಸಲ ಅರ್ಧ ಗಂಟೆ ಹಾಗಾಯಿತು, ತಪ್ಪು ನಮ್ಮದೇ, ಆದರೂ ಇದನ್ನ ತಡೆಯೋಕೆ ಪುಸ್ತಕ ಇನ್ನೂ ಒತ್ತಿ ಹೇಳಬೇಕಿತ್ತು ಅನ್ನಿಸಿತು. ನಿಯಮಗಳ ಹಾಳೆ ಪ್ರಿಂಟ್ ತೆಗೆದು ಎಲ್ಲರ ಮುಂದೆ ಇಡದಿದ್ದರೆ ಮೊದಲ ದಿನ ತಡಕಾಡುತ್ತೀರಿ. ಇನ್ನೊಂದು, ಪುಸ್ತಕದಲ್ಲಿರೋ ಚುಡಾಯಿಸೋ ಮಾತುಗಳೆಲ್ಲ ಇಂಗ್ಲಿಷಿನ ಜಾಯಮಾನದವು. ಕನ್ನಡಕ್ಕೆ ತಿರುಗಿಸಿದರೆ ಸಿನಿಮಾ ಡೈಲಾಗ್ ಆಗುತ್ತೆ, ಹೇಳೋರಿಗೂ ನಾಚಿಕೆ. ನಮಗೆ ಕೈಹಿಡಿದಿದ್ದು ಸಡಿಲ ಹೆಂಚಿನಂಥ ಮಾತೇ.

ಡಿಜಿಟಲ್ ಪ್ರತಿಯಲ್ಲೇ ನಾವು ಆಡುತ್ತಿರೋದು, ಏನೂ ತೊಂದರೆ ಆಗಿಲ್ಲ. ಮೂರರಿಂದ ಐದು ಜನ ಇದ್ದು, ಒಬ್ಬರನ್ನೊಬ್ಬರು ನಂಬೋ ಹಾಗಿದ್ದರೆ ತಗೊಳ್ಳಿ. ಬರೀ ಗುಹೆ, ನಿಧಿ, ರಾಕ್ಷಸರ ಲೆಕ್ಕ ಬೇಕು ಅನ್ನೋರಿಗೆ ಇದು ಹಿಡಿಸಲ್ಲ. ನನ್ನ ಎರಡು ಜುಟ್ಟು ಇನ್ನೂ ಆ ಕಾವಲುಗಾರ್ತಿಯ ಹಾಳೆಯಲ್ಲಿವೆ, ಅವಳು ಖರ್ಚೇ ಮಾಡುತ್ತಿಲ್ಲ.