ಪ್ಲಾಟಿನಂಗೆ ನಿಕಲ್ ಬೆರೆಸಲು ಗ್ಲೈಕಾಲೋ, ಬೋರೋಹೈಡ್ರೈಡೋ?

ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ ಇಂಧನ ಕೋಶದ ಕ್ಯಾಥೋಡಿನಲ್ಲಿ (ಆಮ್ಲಜನಕದ ಕಡೆಯ ವಿದ್ಯುದ್ವಾರ) ಆಮ್ಲಜನಕ ನೀರಾಗುವ ಕ್ರಿಯೆ ಬಹಳ ನಿಧಾನ. ಅದನ್ನು ಚುರುಕುಗೊಳಿಸಲು ಬರೀ ಪ್ಲಾಟಿನಂ ಸುರಿಯುವುದು ಯಾರ ಕೈಗೂ ಎಟುಕುವ ಮಾತಲ್ಲ. ಅದಕ್ಕೇ ನಿಕಲ್ಲೋ ಕೋಬಾಲ್ಟೋ ಬೆರೆಸುವುದು. 2014ರ ಟೊಯೋಟಾ ಮಿರಾಯ್ ಕಾರಿನಲ್ಲೂ ಇದ್ದದ್ದು ಪ್ಲಾಟಿನಂ-ಕೋಬಾಲ್ಟ್. ತುಮಕೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಪ್ಲಾಟಿನಂ-ನಿಕಲ್ ನ್ಯಾನೋಕಣಗಳನ್ನು ಎರಡು ದಾರಿಯಲ್ಲಿ ಮಾಡಿ ನೋಡಿದೆ. ಕಣಗಳು ಕೂರುವ ಕಾರ್ಬನ್ ಪುಡಿ ಒಂದೇ, ಅಳತೆಯೂ ಒಂದೇ: ಮೂರು ಪಾಲು ಪ್ಲಾಟಿನಂಗೆ ಒಂದು ಪಾಲು ನಿಕಲ್.

ಮೊದಲು ಎಥಿಲೀನ್ ಗ್ಲೈಕಾಲ್. ದ್ರಾವಕವೂ ಅದೇ, ಲೋಹದ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುವ ಅಪಕರ್ಷಣಕಾರಿಯೂ ಅದೇ. ಕಾಸ್ಟಿಕ್ ಸೋಡಾ ಹಾಕಿ 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಬೇಕು. ಒಂದು ಸಲ ಎರಡನೇ ಗಂಟೆಯಲ್ಲಿ ಕರೆಂಟು ಹೋಯಿತು, ಆ ಬ್ಯಾಚ್ ಬಿಟ್ಟೆ. ಮುಗಿದ ಬ್ಯಾಚನ್ನು ಆಮ್ಲದಲ್ಲಿ ತೊಳೆದು, ಸೋಸಿದ ನೀರಿಗೆ ಅಮೋನಿಯಾ, ಡೈಮೀಥೈಲ್ ಗ್ಲೈಆಕ್ಸಿಮ್ (ನಿಕಲ್ ಕರಗಿದ್ದರೆ ಕೆಂಪಾಗಿಸುವ ರಾಸಾಯನಿಕ) ಹಾಕಿದರೆ ಪ್ರನಾಳದ ತುಂಬ ಗುಲಾಬಿ ಕೆಂಪು ಗಸಿ! ಅಂದರೆ ನಿಕಲ್ ಲೋಹವಾಗಿರಲೇ ಇಲ್ಲ, ಹೈಡ್ರಾಕ್ಸೈಡ್ ಆಗಿ ಕಾರ್ಬನ್ನಿಗೆ ಅಂಟಿಕೊಂಡಿತ್ತು ಅಷ್ಟೇ. ಪ್ಲಾಟಿನಂ ಸುಲಭವಾಗಿ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ನಿಕಲ್ ಅಯಾನಿನ ಅಪಕರ್ಷಣ ವಿಭವ (ಎಲೆಕ್ಟ್ರಾನ್ ಪಡೆಯುವ ಒಲವಿನ ಅಳತೆ) ಮೈನಸ್ 0.26 ವೋಲ್ಟ್, ಗ್ಲೈಕಾಲಿನಂಥ ಮೆದು ಅಪಕರ್ಷಣಕಾರಿಗೆ ಅದು ಬಗ್ಗುವುದಿಲ್ಲ. ಪುಡಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ, ಎಕ್ಸ್-ಕಿರಣ ಹಾಯಿಸಿ ಹರಳಿನ ಜೋಡಣೆ ತಿಳಿಸುವ ಎಕ್ಸ್‌ಆರ್‌ಡಿ ತೆಗೆಸಿದರೆ ಅಲ್ಲೂ ಅದೇ ಕಥೆ: ನಕ್ಷೆಯ ಶಿಖರ ಶುದ್ಧ ಪ್ಲಾಟಿನಂನ 39.8 ಡಿಗ್ರಿಯಲ್ಲೇ ಕೂತಿತ್ತು.

ಸೋಡಿಯಂ ಬೋರೋಹೈಡ್ರೈಡ್ ಗುಣ ತದ್ವಿರುದ್ಧ, ಅದು ಬಿರುಸಾದ ಅಪಕರ್ಷಣಕಾರಿ. ಬೀಕರನ್ನು ಐಸಿನಲ್ಲಿಟ್ಟು ಹನಿ ಹನಿಯಾಗಿ ಬಿಟ್ಟರೂ ಹೈಡ್ರೋಜನ್ ನೊರೆ ಹಾಲು ಉಕ್ಕಿದಂತೆ ಏರುತ್ತದೆ. ಬೇಕಾದ್ದಕ್ಕಿಂತ ಮೂರು ಪಟ್ಟು ದೊಡ್ಡ ಬೀಕರ್ ಇಟ್ಟುಕೊಳ್ಳಿ, ಹತ್ತಿರ ಬೆಂಕಿ ಬೇಡ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಕೆಂಪು ಪರೀಕ್ಷೆಯಲ್ಲಿ ಬಂದದ್ದು ತೆಳು ಬಣ್ಣ ಮಾತ್ರ. ಶಿಖರ 40.3ರ ಹತ್ತಿರಕ್ಕೆ ಸರಿದಿತ್ತು. ಚಿಕ್ಕ ನಿಕಲ್ ಪರಮಾಣು ಒಳಗೆ ಸೇರಿ ಪ್ಲಾಟಿನಂ ಜಾಲಕವನ್ನು ಕುಗ್ಗಿಸಿದ್ದಕ್ಕೆ ಅದೇ ಗುರುತು. ಅದನ್ನು ನೋಡಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಕಣಗಳು ಗಂಟು ಕಟ್ಟಿಕೊಂಡಿದ್ದವು, ಸಕ್ರಿಯ ಮೇಲ್ಮೈ ಗ್ಲೈಕಾಲ್ ಪುಡಿಗಿಂತ ಕಡಿಮೆ.

ಯಾವ ದಾರಿ ಹಿಡಿದರೂ ನಮ್ಮೂರಿನ ಬೋರ್‌ವೆಲ್ ನೀರು ತಾಗಿಸಬೇಡಿ, ಅದರಲ್ಲಿರುವ ಕ್ಲೋರೈಡ್ ಪ್ಲಾಟಿನಂ ಮೇಲೆ ಅಂಟಿ ಕೂರುತ್ತದೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಕ್ಲೋರೈಡಿನ ಗುರುತಾದ ಬಿಳುಪು ಕಾಣದಾಗುವ ತನಕ ಡಿಸ್ಟಿಲ್ಡ್ ನೀರಿನಲ್ಲೇ ತೊಳೆಯಿರಿ.

ಮೆಥನಾಲ್ ಕೋಶಕ್ಕೆ ಪ್ಲಾಟಿನಂ-ರುಥೇನಿಯಂ ಬೇಕಾದರೆ ನಾನು ಗ್ಲೈಕಾಲನ್ನೇ ಹಿಡಿಯುತ್ತೇನೆ, ರುಥೇನಿಯಂ ನಿಕಲ್‌ನಷ್ಟು ಹಟಮಾರಿಯಲ್ಲ. ನಿಕಲ್‌ಗೆ ಮಾತ್ರ ಬೋರೋಹೈಡ್ರೈಡೇ ಸರಿ. ಈ ವಾರ ಅದಕ್ಕೆ ಸೋಡಿಯಂ ಸಿಟ್ರೇಟ್ ಸೇರಿಸಿ, ಹನಿ ಬಿಡುವ ವೇಗ ಅರ್ಧಕ್ಕಿಳಿಸಿ, ಗಂಟು ಬಿಡುತ್ತದೆಯೇ ನೋಡುತ್ತಿದ್ದೇನೆ.